ಮಂಡಿನೋವಿನ ಯಜಮಾನರ ಜೊತೆ ಐದು ದಿನ ಕಡಲಲ್ಲಿ

ಹಡಗಿನಿಂದ ದೋಣಿಗೆ ಇಳಿಯುವುದು. ಲಕ್ಷದ್ವೀಪಕ್ಕೆ ಹೊರಡುವ ನಮ್ಮ ವಯಸ್ಸಿನವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಇದಕ್ಕೆ ತಯಾರಾದರೆ ಉಳಿದದ್ದೆಲ್ಲ ಸುಲಭ.

ದ್ವೀಪಗಳ ಸುತ್ತ ಹವಳದ ದಿಬ್ಬ ಇರುತ್ತದೆ. ಅದರೊಳಗಿನ ನೀರು ಆಳವಿಲ್ಲ. ದೊಡ್ಡ ಹಡಗು ಹೊರಗೇ ಲಂಗರು ಹಾಕುತ್ತದೆ. ಹಡಗಿನ ಪಕ್ಕದ ಬಾಗಿಲು ತೆಗೆಯುತ್ತಾರೆ, ಕೆಳಗೆ ಸಣ್ಣ ದೋಣಿ ಬಂದು ತಾಗುತ್ತದೆ. ಅಲೆ ಬಂದಾಗ ದೋಣಿ ಮೇಲೇರುತ್ತದೆ, ಹೋದಾಗ ಕುಸಿಯುತ್ತದೆ. ಮೇಲೆ ಬಂದ ಗಳಿಗೆಯಲ್ಲೇ ಕಾಲಿಡಬೇಕು. ಆಚೆ ಈಚೆ ಇಬ್ಬರು ಹುಡುಗರು ತೋಳು ಹಿಡಿದುಕೊಳ್ಳುತ್ತಾರೆ.

ಇದನ್ನು ಮೊದಲೇ ಹೋಗಿ ಬಂದಿದ್ದ ಗೆಳತಿಯೊಬ್ಬಳು ಹೇಳಿದ್ದಳು. ನಮ್ಮವರಿಗೆ ಅರವತ್ತೆಂಟು, ಎರಡೂ ಮಂಡಿ ನೋವು. ಹಾಗಾಗಿ ಹೊರಡುವ ಎರಡು ತಿಂಗಳ ಮುಂಚೆಯೇ ಹಾಸನದ ಮನೆಯಲ್ಲಿ ಅಭ್ಯಾಸ ಶುರು ಮಾಡಿದೆವು. ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ನಡಿಗೆ. ಮನೆಗೆ ಬಂದು ಜಗಲಿ ಹತ್ತಿ ಇಳಿಯುವುದು, ಹತ್ತು ಸಲ. ನಾನು ಅವರ ಮುಂಗೈ ಹಿಡಿದುಕೊಳ್ಳುತ್ತಿದ್ದೆ. ಬೆರಳು ಹಿಡಿದರೆ ಜಾರುತ್ತದೆ, ಮುಂಗೈಯನ್ನೇ ಹಿಡಿಯಬೇಕು. ಮೂಳೆ ಡಾಕ್ಟರಿಗೂ ತೋರಿಸಿ, ಹೋಗಬಹುದು ಅಂತ ಅವರು ಹೇಳಿದ ಮೇಲೆಯೇ ಟಿಕೆಟ್ ವಿಚಾರಕ್ಕೆ ಕೈಹಾಕಿದೆವು.

ಅಲ್ಲೊಂದು ತಪ್ಪು ಮಾಡಿದೆವು. ಪರ್ಮಿಟ್ ಎಲ್ಲ ನಾನೇ ಮಾಡಿಸುತ್ತೇನೆ ಅಂದ ಒಬ್ಬ ಏಜೆಂಟನ ಕೈಗೆ ಮುಂಗಡ ಕೊಟ್ಟೆವು. ಮೂರು ವಾರ ಆದರೂ ಏನೂ ಆಗಲಿಲ್ಲ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪ್ರವೇಶದ ಪರ್ಮಿಟ್ ಬೇಕು. ಅದಿಲ್ಲದೆ ಹಡಗು ಹತ್ತಿಸುವುದಿಲ್ಲ. ಕೊನೆಗೆ ಮಗಳು ಅಲ್ಲಿನ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯ ಮೂಲಕವೇ 'ಸಮುದ್ರಂ' ಪ್ಯಾಕೇಜಿಗೆ ಅರ್ಜಿ ಹಾಕಿಸಿದಳು. ನೀವೂ ನೇರವಾಗಿ ಹಾಗೇ ಮಾಡಿ.

ಈ ಪ್ಯಾಕೇಜ್ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಐದು ದಿನ, ಮೂರು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನ ಕ್ಯಾಬಿನ್ನಿನಲ್ಲಿ. ಪೆಟ್ಟಿಗೆ ಒಮ್ಮೆ ಬಿಚ್ಚಿಟ್ಟರೆ ಮುಗಿಯಿತು. ದಿನಾ ಲಾಡ್ಜ್ ಬದಲಾಯಿಸುವ ತಾಪತ್ರಯ ಇಲ್ಲ. ನಾವು ಮಲಗಿದ್ದಾಗ ಹಡಗು ಸಾಗುತ್ತಿರುತ್ತದೆ.

ಫೆಬ್ರವರಿಯಲ್ಲಿ ಹೊರಟೆವು. ಮಳೆಗಾಲದಲ್ಲಿ ಆ ಕಡಲು ನಮ್ಮಂಥವರಿಗಲ್ಲ. ಹಾಸನದಿಂದ ಮಂಗಳೂರಿಗೆ ಹಗಲು ರೈಲು ಹಿಡಿದೆವು. ಸಕಲೇಶಪುರ ದಾಟಿ ಸುಬ್ರಹ್ಮಣ್ಯದವರೆಗೆ ಘಾಟಿಯಲ್ಲಿ 57 ಸುರಂಗ. ಮಂಗಳೂರಿನಿಂದ ರಾತ್ರಿ ರೈಲಿನಲ್ಲಿ ಎರ್ನಾಕುಲಂ. ಅಲ್ಲಿ ಒಂದು ದಿನ ಪೂರ್ತಿ ಸುಮ್ನೆ ಮಲಗಿ ಸುಧಾರಿಸಿಕೊಂಡೆವು. ಈ ಒಂದು ದಿನವನ್ನು ಯಾರೂ ಉಳಿಸಲು ಹೋಗಬೇಡಿ.

ಮರುದಿನ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಿಂದ ಹಡಗು ಹತ್ತಿದೆವು. ಎಂ.ವಿ. ಕವರತ್ತಿ, ಸುಮಾರು 700 ಜನರ ಹಡಗು. ಪ್ರವಾಸಿಗಳಿಗಿಂತ ಊರಿಗೆ ಮರಳುವ ದ್ವೀಪದವರೇ ಜಾಸ್ತಿ. ಆಸ್ಪತ್ರೆಗೆ ಬಂದವರು, ಕಾಲೇಜು ಮಕ್ಕಳು, ಹಸುಗೂಸು ಎತ್ತಿಕೊಂಡ ಬಾಣಂತಿ. ಕವರತ್ತಿಗೆ ಹೆಚ್ಚುಕಡಿಮೆ 400 ಕಿಲೋಮೀಟರ್.

ಮೊದಲ ರಾತ್ರಿ ನನಗೆ ಹೊಟ್ಟೆ ತೊಳಸಿತು. ಖುಷಿಯಲ್ಲಿ ಹೊಟ್ಟೆ ತುಂಬ ಮೀನು ಸಾರು ಉಂಡಿದ್ದೆ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ತೊಳಸಲು ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗ ಕಡಿಮೆ. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಕ್ಯಾಬಿನ್ನಿನಲ್ಲಿ ಮುದುಡಿ ಮಲಗಬೇಡಿ. ಡೆಕ್ಕಿಗೆ ಬಂದು ಗಾಳಿಗೆ ಮುಖ ಕೊಟ್ಟು, ಕಡಲೂ ಆಕಾಶವೂ ಸೇರುವ ದೂರದ ಗೆರೆ ನೋಡುತ್ತಾ ಕೂತರೆ ಹಗುರಾಗುತ್ತದೆ. ಬೆಳಗ್ಗೆ ಒಣಗಿದ ನೆಲ್ಲಿಕಾಯಿ ಚೂರು ಬಾಯಿಗೆ ಹಾಕಿಕೊಂಡ ಮೇಲೆ ನಾನು ಸರಿಹೋದೆ.

ಕವರತ್ತಿಯಲ್ಲಿ ಎಲ್ಲರೂ ಗಾಜಿನ ತಳದ ದೋಣಿಗೆ ಓಡಿದರು. ನಾವೂ ಹತ್ತಿದೆವು. ಕಾಲ ಕೆಳಗೆ ಹವಳ, ನೀಲಿ ಹಳದಿ ಮೀನು, ಒಂದು ಆಮೆ. ಬಿಳಿಚಿ ಸತ್ತ ಹವಳವೂ ಕಂಡಿತು, ಮನಸ್ಸಿಗೆ ಬೇಜಾರಾಯಿತು. ಕಡಲ ನೀರು ತೀರಾ ಬಿಸಿಯಾದರೆ ಹವಳ ಹೀಗಾಗುತ್ತದೆ. 1998, 2010, 2016ರಲ್ಲಿ ಇಲ್ಲಿ ದೊಡ್ಡದಾಗಿಯೇ ಆಯಿತು.

ಆದರೆ ನಮ್ಮವರ ಕಣ್ಣಿದ್ದದ್ದು ಬೇರೆ ಕಡೆ. ಅವರು ಗೊರೂರಿನ ಹೇಮಾವತಿ ಅಣೆಕಟ್ಟಿನ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. "ಇಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಈ ಜನ ಕುಡಿಯೋದು ಏನು?" ಅನ್ನುವುದು ಹಡಗು ಹತ್ತಿದಾಗಿನಿಂದ ಅವರ ಪ್ರಶ್ನೆ. ಉತ್ತರ ಕವರತ್ತಿಯಲ್ಲೇ ಇತ್ತು. 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅಲ್ಲೊಂದು ಘಟಕ ಕಟ್ಟಿದ್ದಾರೆ. ಮೇಲಿನ ಬೆಚ್ಚಗಿನ ಕಡಲ ನೀರನ್ನು ಒತ್ತಡ ಕಡಿಮೆ ಇರುವ ತೊಟ್ಟಿಗೆ ಬಿಡುತ್ತಾರೆ. ಒತ್ತಡ ಇಳಿದರೆ ನೀರು ಬೆಂಕಿಯಿಲ್ಲದೆ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಕೊಳವೆಯಲ್ಲಿ ತಣ್ಣನೆಯ ನೀರು ಎತ್ತಿ ಆ ಆವಿಯನ್ನು ತಣಿಸುತ್ತಾರೆ. ಉಪ್ಪು ಹಿಂದೆ ಉಳಿಯುತ್ತದೆ, ಸಿಹಿ ನೀರು ಸಿಗುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್.

ಘಟಕದ ಹೊರಗೆ ಮುಕ್ಕಾಲು ಗಂಟೆ ನಿಂತಿದ್ದರು. ಮಂಡಿ ನೋವಿನ ಸುದ್ದಿಯೇ ಇಲ್ಲ. "ಹೇಮಾವತೀಲಿ ನಾವು ಬಂದ ನೀರನ್ನ ಹಿಡಿದಿಟ್ಟೆವು. ಇವರು ನೀರನ್ನೇ ಹುಟ್ಟಿಸ್ತಾರೆ ನೋಡು" ಅಂದರು. ಗುಂಪಿನವರು ಕಯಾಕಿಗೆ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಗೆ, ಕರೆದಾಗ ನಾವು ಹೋಗಲಿಲ್ಲ. ಎಲ್ಲವನ್ನೂ ನೋಡಲೇಬೇಕು ಅಂತ ಹೊರಟಿದ್ದರೆ ಈ ಮುಕ್ಕಾಲು ಗಂಟೆ ಸಿಗುತ್ತಿರಲಿಲ್ಲ.

ಕಲ್ಪೇನಿಯಲ್ಲಿ ನನ್ನ ಸರದಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಈ ದ್ವೀಪಗಳ ಪೈಕಿ ಹೆಣ್ಣುಮಕ್ಕಳು ಮೊದಲು ಶಾಲೆಗೆ ಹೋದದ್ದು ಕಲ್ಪೇನಿಯಲ್ಲಂತೆ. ಅದನ್ನು ಹೇಳಿದ ಅಜ್ಜಿಯ ಜೊತೆ ತೆಂಗಿನ ನೆರಳಲ್ಲಿ ಎಳನೀರು ಕುಡಿಯುತ್ತಾ ಕೂತೆ. ಅವರ ಮಲಯಾಳಂ ನನಗೆ ಅರ್ಧ ಅರ್ಥವಾಯಿತು, ನನ್ನ ಕನ್ನಡ ಅವರಿಗೆ ಕಾಲುಭಾಗ. ಸಾಕಾಯಿತು. ಮೊಮ್ಮಗಳಿಗೆ ಒಂದು ಹವಳದ ಚೂರು ಆರಿಸಿಕೊಂಡಿದ್ದೆ. ಅಜ್ಜಿ ತಲೆಯಾಡಿಸಿ ಕೈಯಿಂದ ಕೆಳಗೆ ಹಾಕಿಸಿದರು. ಹವಳ ಒಯ್ಯುವುದು ಕಾನೂನಿನ ಪ್ರಕಾರ ಅಪರಾಧ.

ಮಿನಿಕಾಯ್ ತೀರಾ ದಕ್ಷಿಣದಲ್ಲಿದೆ. ಮಾತೇ ಬೇರೆ, ಮಹಲ್ ಅನ್ನುತ್ತಾರೆ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಲ್ಲಿ 1885ರ ದೀಪಸ್ತಂಭ ಇದೆ. ನಮ್ಮವರು ಬುಡದಲ್ಲೇ ಕೂತರು, ನಾನೊಬ್ಬಳೇ ಹತ್ತಿದೆ. ಸುತ್ತಲೂ ತೆಂಗು, ಅದರಾಚೆ ತಿಳಿ ಹಸಿರು, ಅದರಾಚೆ ಗಾಢ ನೀಲಿ. ಕೆಳಗೆ ಇರುವೆಯಷ್ಟು ಕಾಣುತ್ತಿದ್ದ ನಮ್ಮವರು ಟವೆಲ್ ಬೀಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಟ್ಯೂನಾ ಮೀನು. ಅಲ್ಲಿನವರು ಬಲೆ ಬೀಸದೆ ಕೋಲು ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ. ಹೊಗೆಯಾಡಿಸಿ ಒಣಗಿಸಿದ್ದಕ್ಕೆ ಮಾಸ್ ಅನ್ನುತ್ತಾರೆ. ಕಟ್ಟಿಗೆಯಷ್ಟು ಗಟ್ಟಿ. ಅರ್ಧ ಕೆಜಿ ಕಟ್ಟಿಸಿಕೊಂಡೆ.

ಸಂಜೆ ಹಡಗಿಗೆ ಮರಳುವಾಗ ಅಲೆ ಜಾಸ್ತಿಯಿತ್ತು. ದೋಣಿ ಏರಿತು, ಇಳಿಯಿತು. ಹುಡುಗ ಕೈ ಚಾಚಿದ. ನಮ್ಮವರು ಅವನ ಬೆರಳು ಬಿಡಿಸಿ, ತಾವೇ ಅವನ ಮುಂಗೈ ಹಿಡಿದರು. ಒಂದು ಅಲೆ ಬಿಟ್ಟರು. ಇನ್ನೊಂದು ಬಿಟ್ಟರು. ಮೂರನೆಯದಕ್ಕೆ ಹಡಗಿನೊಳಗೆ ಕಾಲಿಟ್ಟು, ತಿರುಗಿ ನನಗೆ ಕೈ ಕೊಟ್ಟರು.