ಕಣ್ಣಿಗೆ ಮದ್ದು ಬಿಟ್ಟು ನೋಡುವ ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದದ್ದು

ಕಣ್ಣಿಗೆ ಮದ್ದು ಬಿಟ್ಟು ನೋಡಬೇಕೆಂದು ವೈದ್ಯರು ಹೇಳಿದಾಗ, "ಇವತ್ತು ಬೇಡ, ಇನ್ನೊಮ್ಮೆ ಬಂದಾಗ ನೋಡುವ" ಎಂದು ಎದ್ದು ಬರುವವರು ನಮ್ಮ ಕಾಸರಗೋಡಿನ ಕಡೆ ಕಡಿಮೆಯಿಲ್ಲ. ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಬೆಳಗ್ಗೆ ಬಸ್ಸು ಹತ್ತಿ, ತಲಪಾಡಿ ದಾಟಿ ಮಂಗಳೂರಿಗೆ ಹೋದವರಿಗೆ, ಮಂಜಾದ ಕಣ್ಣಿನಲ್ಲಿ ಊರು ಸೇರುವುದು ಹೇಗೆಂಬ ಚಿಂತೆ ಸಹಜವೇ. ಆದರೆ ಮದ್ದು ಬಿಡದೆ ನೋಡಿದರೆ, ವೈದ್ಯರು ಬೆಳಕು ಹಾಯಿಸಿದೊಡನೆ ಪಾಪೆ ಕುಗ್ಗಿಬಿಡುವುದರಿಂದ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗವಷ್ಟೇ ಕಂಡು ಅಂಚುಗಳು ಕಾಣದೆ ಉಳಿಯುತ್ತವೆ; ರೆಟಿನಾ ಹರಿಯತೊಡಗುವುದು ಹೆಚ್ಚಾಗಿ ಆ ಅಂಚಿನಲ್ಲಿಯೇ. ಸಕ್ಕರೆ ಕಾಯಿಲೆ ಇರುವವರು, ದೃಷ್ಟಿ ಚೆನ್ನಾಗಿಯೇ ಇದೆ ಎಂದು ತೋರಿದರೂ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆದ್ದರಿಂದ ಮದ್ದನ್ನು ತಪ್ಪಿಸಿಕೊಳ್ಳುವ ಬದಲು ಆ ದಿನವನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ಲೇಸು.

ಹೋಗುವಾಗ ಜೊತೆಗೆ ಒಬ್ಬರು ಇರಲಿ. ಸ್ಕೂಟರನ್ನು ಮನೆಯಲ್ಲಿಯೇ ಬಿಡಬೇಕು. ಕಾರಾದರೆ ಹಿಂದಿರುಗುವಾಗ ಓಡಿಸಲು ಬೇರೆಯವರು ಬೇಕು. ಈ ಪರೀಕ್ಷೆಗೆ ಉಪವಾಸದ ಅಗತ್ಯವಿಲ್ಲ. ಕಾಯುವಿಕೆಯೂ ಸೇರಿ ಎರಡು ಮೂರು ಗಂಟೆ ಹಿಡಿಯುವುದುಂಟಾದ್ದರಿಂದ, ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಮಾತ್ರೆ ನುಂಗಿ, ತಿನ್ನಲು ಇನ್ನಷ್ಟು ಕಟ್ಟಿಕೊಂಡೇ ಹೋಗುವುದು ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದರ ಡಬ್ಬಿಯನ್ನೂ ಕನ್ನಡಕವನ್ನೂ ಒಯ್ಯಬೇಕು. ಕಪ್ಪು ಕನ್ನಡಕ ಇಲ್ಲದವರಿಗೆ ಕೊಡೆ ಮತ್ತು ಅಗಲ ಅಂಚಿನ ಟೊಪ್ಪಿ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮದ್ದು ಬೀಳುವ ಮೊದಲು ಹೇಳಬೇಕಾದ ಮಾತು. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಟ್ರೋಪಿಕಮೈಡ್ ಮತ್ತು ಫೀನೈಲೆಫ್ರಿನ್ ಎಂಬ ಎರಡು ಮದ್ದುಗಳು ಒಂದೇ ಬಾಟಲಿಯಲ್ಲಿ ಸೇರಿರುವ ಹನಿ. ಮೊದಲನೆಯದು ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ, ಎರಡನೆಯದು ಹಿಗ್ಗಿಸುವ ಸ್ನಾಯುವನ್ನು ಪ್ರಚೋದಿಸುತ್ತದೆ. ಫೀನೈಲೆಫ್ರಿನ್ ರಕ್ತದೊತ್ತಡವನ್ನು ಏರಿಸಬಲ್ಲದಾದ್ದರಿಂದ, ಬಿಪಿ ಹತೋಟಿಯಲ್ಲಿಲ್ಲದವರೂ ಹೃದಯದ ತೊಂದರೆ ಇರುವವರೂ ಅದನ್ನು ಮೊದಲೇ ತಿಳಿಸಬೇಕು. ಅಂಥವರಿಗೆ ಟ್ರೋಪಿಕಮೈಡ್ ಒಂದನ್ನೇ ಬಿಟ್ಟು ಪರೀಕ್ಷಿಸಬಹುದು. ಹಿಂದೆ ಯಾವುದಾದರೂ ಕಣ್ಣಿನ ಹನಿಯಿಂದ ಅಲರ್ಜಿಯಾಗಿದ್ದರೆ, ಗರ್ಭಿಣಿಯಾಗಿದ್ದರೆ, ಮನೆಯವರಲ್ಲಿ ಯಾರಿಗಾದರೂ ಗ್ಲಾಕೋಮ (ಹೆಚ್ಚಾಗಿ ಕಣ್ಣಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ) ಇದ್ದರೆ ಅದನ್ನೂ ಹೇಳಬೇಕು. ಪ್ರೋಸ್ಟೇಟ್ ತೊಂದರೆಗೆ ಟ್ಯಾಮ್‌ಸುಲೋಸಿನ್ ಮಾತ್ರೆ ನುಂಗುವ ಅಜ್ಜಂದಿರು ಅದಕ್ಕೂ ಕಣ್ಣಿಗೂ ಸಂಬಂಧವೇನೆಂದು ಸುಮ್ಮನಿರುತ್ತಾರೆ. ಆದರೆ ಆ ಮಾತ್ರೆಯಿಂದ ಪಾಪೆ ಸರಿಯಾಗಿ ಅರಳದಿರಬಹುದು, ಪೊರೆಯ ಶಸ್ತ್ರಚಿಕಿತ್ಸೆಯಲ್ಲಿಯೂ ತೊಡಕಾಗಬಹುದು. ಆಸ್ಪತ್ರೆಯಲ್ಲಿ ಮಾತು ಮಲಯಾಳದಲ್ಲಿ ನಡೆದರೂ ಕನ್ನಡದಲ್ಲಿ ನಡೆದರೂ, ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಒಂದು ಚೀಲದಲ್ಲಿ ಹಾಕಿ ಒಯ್ದು ತೋರಿಸಿದರೆ ಗೊಂದಲವೇ ಇರುವುದಿಲ್ಲ.

ಅಕ್ಷರದ ಹಲಗೆ ಓದಿಸಿ, ಕಣ್ಣಿನ ಒತ್ತಡ ನೋಡಿ, ಆ ಬಳಿಕವೇ ಸಾಮಾನ್ಯವಾಗಿ ಹನಿ ಬಿಡುತ್ತಾರೆ. ತಲೆಯನ್ನು ಹಿಂದಕ್ಕೆ ಬಾಗಿಸಿ, ಮೇಲೆ ನೋಡುತ್ತಾ, ಕೆಳರೆಪ್ಪೆಯನ್ನು ಎಳೆಯಲು ಬಿಡಬೇಕು. ಹನಿ ಬಿದ್ದಾಗ ಕೆಲವು ಕ್ಷಣ ಉರಿಯುತ್ತದೆ. ಕಣ್ಣು ತಿಕ್ಕದೆ ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಹಾಗೆ ಹಿಡಿಯದಿದ್ದರೆ ಮದ್ದು ಕಣ್ಣೀರಿನ ನಾಳದ ಮೂಲಕ ಮೂಗಿಗೆ ಇಳಿದು ಗಂಟಲಿನಲ್ಲಿ ಕಹಿ ಎನಿಸುತ್ತದೆ, ರಕ್ತಕ್ಕೂ ಹೆಚ್ಚು ಸೇರುತ್ತದೆ. ಪಾಪೆ ಅರಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಮ್ಮಂಥ ಕಡುಗಂದು ಕಣ್ಣುಗಳಲ್ಲಿ ಅದು ನಿಧಾನವಾಗುವುದರಿಂದ, ನರ್ಸ್ ಮತ್ತೆ ಮತ್ತೆ ಬಂದು ಹನಿ ಬಿಟ್ಟರೆ ಗಾಬರಿಪಡಬೇಕಾಗಿಲ್ಲ.

ಮಕ್ಕಳ ವಿಚಾರ ಸ್ವಲ್ಪ ಬೇರೆ. ಕನ್ನಡಕದ ನಂಬರ್ ಸರಿಯಾಗಿ ತಿಳಿಯಲು ಕೆಲವು ಮಕ್ಕಳಿಗೆ ಅಟ್ರೋಪಿನ್ ಮುಲಾಮನ್ನು ಪರೀಕ್ಷೆಗೆ ಕೆಲವು ದಿನ ಮೊದಲೇ ಮನೆಯಲ್ಲಿ ಹಚ್ಚಲು ಕೊಡುತ್ತಾರೆ. ಕೈ ತೊಳೆದು, ಕೆಳರೆಪ್ಪೆಯ ಒಳಗೆ ಅಕ್ಕಿಕಾಳಿನಷ್ಟು ಹಚ್ಚಿ, ಹೊರಗೆ ಉಳಿದದ್ದನ್ನು ಒರಸಿ, ಮತ್ತೆ ಕೈ ತೊಳೆಯಬೇಕು. ಮಗುವಿನ ಮುಖ ಕೆಂಪೇರಿ ಮೈ ಬಿಸಿಯಾದರೆ, ಬಾಯಿ ಒಣಗಿದರೆ, ಮಗು ಏನೇನೋ ಬಡಬಡಿಸತೊಡಗಿದರೆ ಹಚ್ಚುವುದನ್ನು ನಿಲ್ಲಿಸಿ ಆಗಲೇ ವೈದ್ಯರಲ್ಲಿಗೆ ಒಯ್ಯಬೇಕು. ಕಣ್ಣಿನ ಮೇಲೆ ಈ ಮುಲಾಮಿನ ಪರಿಣಾಮ ಒಂದೆರಡು ವಾರ ಉಳಿಯುತ್ತದೆ. ಪುಸ್ತಕ ಓದಲು ಕಷ್ಟವಾಗುತ್ತದೆಂದು ಶಾಲೆಗೆ ಮೊದಲೇ ಚೀಟಿ ಬರೆದು ಕೊಡಬೇಕು. ತೋಟದ ಬದಿಯಲ್ಲಿ ಬೆಳೆಯುವ ಉಮ್ಮತ್ತದ ಗಿಡದಲ್ಲಿಯೂ ಇದೇ ಅಟ್ರೋಪಿನ್ ಇದೆ. ಕಳೆ ಕಿತ್ತ ಕೈಯಲ್ಲಿ ಕಣ್ಣು ತಿಕ್ಕಿಕೊಂಡವರ ಒಂದೇ ಕಣ್ಣಿನ ಪಾಪೆ ಹಿಗ್ಗಿ ಮನೆಯವರು ಹೆದರುವುದುಂಟು. ಆಗ ಆ ಗಿಡವನ್ನು ಮುಟ್ಟಿದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಟ್ರೋಪಿಕಮೈಡಿನ ಪರಿಣಾಮ ಹೆಚ್ಚಿನವರಲ್ಲಿ ನಾಲ್ಕರಿಂದ ಆರು ಗಂಟೆಯಲ್ಲಿ ಇಳಿಯುತ್ತದೆ, ಕೆಲವರಿಗೆ ಮರುದಿನದವರೆಗೂ ಇರುತ್ತದೆ. ಸೈಕ್ಲೋಪೆಂಟೋಲೇಟ್ ಬಿಟ್ಟಿದ್ದರೆ ಒಂದು ದಿನ, ಹೋಮಟ್ರೋಪಿನ್ ಆದರೆ ಒಂದರಿಂದ ಮೂರು ದಿನ ಹಿಡಿಯಬಹುದು. ಯಾವ ಮದ್ದು ಬಿಟ್ಟರೆಂದು ಕೇಳಿಕೊಂಡೇ ಹೊರಡಬೇಕು. ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ, ಬಸ್ಸಿನ ಮೆಟ್ಟಿಲಿನ ಅಂಚು ಸರಿಯಾಗಿ ಗೊತ್ತಾಗುವುದಿಲ್ಲ. ದುಡ್ಡಿನ ಲೆಕ್ಕವನ್ನೂ ಕಾಗದಕ್ಕೆ ಸಹಿ ಹಾಕುವುದನ್ನೂ ಆ ದಿನ ಮುಂದೂಡಬೇಕು. ಮನೆಗೆ ಬಂದು ಮೆಟ್ಟುಕತ್ತಿಯ ಮುಂದೆ ಕುಳಿತು ತರಕಾರಿ ಹೆಚ್ಚುವುದಾಗಲಿ, ಏಣಿ ಹತ್ತುವುದಾಗಲಿ, ಅಡಿಕೆ ಸುಲಿಯುವುದಾಗಲಿ ಬೇಡ. ಗ್ಲಾಕೋಮಕ್ಕೆ ದಿನವೂ ಬಿಡುವ ಹನಿಯನ್ನು ಮಾತ್ರ, ವೈದ್ಯರು ಬೇಡವೆನ್ನದಿದ್ದರೆ, ಎಂದಿನಂತೆಯೇ ಬಿಡಬೇಕು.

ಅಪರೂಪಕ್ಕೆ, ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಕಿರಿದಾಗಿರುವವರಲ್ಲಿ, ಪಾಪೆ ಹಿಗ್ಗಿದ ಬಳಿಕ ಕಣ್ಣಿನ ಒತ್ತಡ ಏಕಾಏಕಿ ಏರುತ್ತದೆ. ಕಣ್ಣು ಕೆಂಪಾಗಿ ತೀವ್ರ ನೋವು, ಅದೇ ಬದಿಗೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ದೃಷ್ಟಿ ಇನ್ನಷ್ಟು ಕುಗ್ಗುವುದು ಇದರ ಲಕ್ಷಣ. ವಾಂತಿಯನ್ನು ಪಿತ್ತವೆಂದು ತಿಳಿದು ಕಷಾಯ ಕುಡಿಸುತ್ತಾ ಬೆಳಗಾಗುವುದನ್ನು ಕಾಯದೆ, ರಾತ್ರಿಯಾದರೂ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೋಗಿ, ಎಷ್ಟು ಹೊತ್ತಿಗೆ ಯಾವ ಮದ್ದು ಬಿಟ್ಟಿದ್ದರೆಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು.