ಡಿಡ್ ಬಂದಲ್ಲಿ ವೆಂಟ್ ಬೇಡ: ದಿನಬಳಕೆ ಇಂಗ್ಲಿಷಿಂದಲೇ ಗ್ರಾಮರ್ ಹಿಡಿಯೋದು ಹೇಗೆ

ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಡೋ ಹುಡುಗರು ಹುಡುಗೀರು ಸಂಜೆ ನಮ್ಮನೆಗೆ ಬರ್ತಾರೆ, ಇಂಗ್ಲಿಷ್ ಸ್ವಲ್ಪ ಸರಿ ಮಾಡಿಕೊಡ್ರಿ ಸಾರ್ ಅಂತ. ಹನ್ನೆರಡು ಟೆನ್ಸ್ ಹೆಸರು ಕೇಳಿದ್ರೆ ಗಡಗಡ ಅಂತ ಒಪ್ಪಿಸ್ತಾರೆ. ಆದ್ರೆ ನಿನ್ನೆ ಯಾಕೆ ಬರ್ಲಿಲ್ಲ ಅಂತ ಇಂಗ್ಲಿಷಲ್ಲಿ ಕೇಳಿದ ಕೂಡ್ಲೇ 'ಐ ಡಿಡಂಟ್ ಕೇಮ್ ಸಾರ್, ಐ ಹ್ಯಾಡ್ ಗಾನ್ ಟು ಚಿತ್ರದುರ್ಗ' ಅಂತಾರೆ. ಎರಡು ವಾಕ್ಯ, ಎರಡು ತಪ್ಪು. ಓದಿನಲ್ಲಿ ಚುರುಕಾಗಿರೋ ಮಕ್ಕಳೇ ಇವರು, ಅದಕ್ಕೇ ನಂಗೆ ಹೊಟ್ಟೆ ಉರಿಯೋದು. ಬಾಯಿಪಾಠ ಮಾಡಿದ ಟೇಬಲ್ ಮಾತಾಡೋ ಹೊತ್ತಿಗೆ ಕೈ ಕೊಡುತ್ತೆ, ಯಾಕಂದ್ರೆ ಆ ಟೇಬಲ್ಲಲ್ಲಿ ಕನ್ನಡದವರು ಎಲ್ಲಿ ಎಡವ್ತಾರೆ ಅನ್ನೋದು ಎಲ್ಲೂ ಬರೆದಿರಲ್ಲ.

ಮೊದಲು ಒಂದು ಇನ್ನೂರು ಪೇಜಿನ ರೂಲ್ಡ್ ನೋಟ್‌ಬುಕ್ ತಗೊಳ್ರಿ. ಫೋನಲ್ಲಿ ಬರೆಯೋದು ಬೇಡ, ಕೀಬೋರ್ಡೇ ತಪ್ಪು ತಿದ್ದಿಬಿಡುತ್ತೆ, ನೀವು ಎಲ್ಲಿ ತಪ್ಪಿದ್ರಿ ಅಂತ ನಿಮಗೆ ಗೊತ್ತೇ ಆಗಲ್ಲ. ದಿನಕ್ಕೆ ಐದು ಇಂಗ್ಲಿಷ್ ವಾಕ್ಯ, ನೀವೇ ಕಂಡಿದ್ದು ಕೇಳಿದ್ದು, ಹಾಗೇ ಇಳಿಸ್ಕೊಳ್ರಿ. ಬ್ಯಾಂಕ್ ಮೆಸೇಜು, ಬಿಸ್ಕತ್ ಪ್ಯಾಕೆಟ್ ಹಿಂದಿನ 'ಸ್ಟೋರ್ ಇನ್ ಎ ಕೂಲ್, ಡ್ರೈ ಪ್ಲೇಸ್', ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟು, ಕ್ರಿಕೆಟ್ ಕಾಮೆಂಟರಿ, ಯಾವುದಾದ್ರೂ ಸರಿ. ಬಸ್‌ಸ್ಟ್ಯಾಂಡಲ್ಲಿ ಮಾರೋ ಮೂವತ್ತು ದಿನದ ಇಂಗ್ಲಿಷ್ ಪುಸ್ತಕ ಮಾತ್ರ ಕೊಳ್ಳಬೇಡ್ರಿ. ಅಂಥವು ನಾಲ್ಕೈದು ತರಿಸಿ ನೋಡಿದೀನಿ, ಒಂದರಲ್ಲಂತೂ 'ಐ ಆಮ್ ನಾಟ್ ನೋಯಿಂಗ್' ಅಂತಲೇ ಅಚ್ಚಾಗಿತ್ತು. ನೋ, ಲೈಕ್, ಬಿಲೀವ್, ವಾಂಟ್ ಇಂಥವಕ್ಕೆ ಸಾಮಾನ್ಯವಾಗಿ ಇಂಗ್ ಸೇರಲ್ಲ. ನಾವೂ 'ನಂಗೆ ಗೊತ್ತು' ಅಂತೀವೇ ಹೊರತು 'ಗೊತ್ತಿರ್ತಾ ಇದೆ' ಅನ್ನಲ್ಲ.

ಎರಡನೇದು, ಬರ್ಕೊಂಡ ವಾಕ್ಯದ ಅಚ್ಚು ತೆಗೆಯೋದು. 'ಯುವರ್ ಅಕೌಂಟ್ ಹ್ಯಾಸ್ ಬೀನ್ ಡೆಬಿಟೆಡ್' ಅಂತ ಮೆಸೇಜ್ ಬಂತು ಅಂದ್ಕೊಳ್ರಿ. ಹ್ಯಾಸ್ ಬೀನ್ ಹಾಗೇ ಇರ್ಲಿ, ಆಕಡೆ ಈಕಡೆ ಇರೋದನ್ನ ಬದಲಾಯಿಸ್ರಿ: 'ದ ಗೇಟ್ ಹ್ಯಾಸ್ ಬೀನ್ ಲಾಕ್ಡ್', 'ದ ಸಿಲಿಂಡರ್ ಹ್ಯಾಸ್ ಬೀನ್ ಡೆಲಿವರ್ಡ್'. ಹಂಚು ಅದೇ, ದೋಸೆ ಬೇರೆ ಬೇರೆ. ಯಾರು ಮಾಡಿದ್ರು ಅನ್ನೋದು ಮುಖ್ಯ ಅಲ್ಲ, ಕೆಲಸ ಆಗಿದೆ, ಅದರ ಪರಿಣಾಮ ಈಗ ನಿಮ್ಮೆದುರಿಗಿದೆ, ಅದಕ್ಕೆ ಈ ಅಚ್ಚು. ಒಂದೊಂದು ವಾಕ್ಯಕ್ಕೂ ಹೀಗೆ ಐದು ಹೊಸದು ಬರೀರಿ, ಜೋರಾಗಿ ಓದ್ರಿ, ಮುಗೀತು.

ಈಗ ಬರೋದೇ ಎಲ್ಲರೂ ಬೀಳೋ ಗುಂಡಿ, ಇಲ್ಲಿ ಅವಸರ ಮಾಡಬೇಡ್ರಿ, ನಾನಂತೂ ಇದೊಂದಕ್ಕೇ ಒಂದು ವಾರ ಕೊಡ್ತೀನಿ. 'ಡಿಡಂಟ್ ವೆಂಟ್' ತಪ್ಪು, 'ಡಿಡಂಟ್ ಗೋ' ಸರಿ. ಇದು ಎಲ್ಲರಿಗೂ ಗೊತ್ತು, ಆದ್ರೂ ಬಾಯಲ್ಲಿ ವೆಂಟ್ ಬರುತ್ತೆ. ನಾನು ಹುಡುಗರಿಗೆ ಮೊದಲು ಕನ್ನಡದಲ್ಲೇ ಕೇಳ್ತೀನಿ.

'ಹೋದೆ ಅನ್ನೋದಕ್ಕೆ ಉಲ್ಟಾ ಏನಪ್ಪ?'

'ಹೋಗ್ಲಿಲ್ಲ ಸಾರ್.'

'ಹೋದಲಿಲ್ಲ ಅಂತ ಯಾಕೆ ಅನ್ಲಿಲ್ಲ?'

ಅಲ್ಲಿ ಹುಡುಗ ಒಂದು ಕ್ಷಣ ಸುಮ್ಮನಾಗ್ತಾನೆ. 'ಹಂಗೆ ಯಾರಂತಾರೆ ಸಾರ್!' ಅಂತಾನೆ ಆಮೇಲೆ.

ಅದೇ ವಿಷಯ. ಹೋದೆ, ಬಂದೆ, ತಿಂದೆ ಅನ್ನೋವಾಗ ಕ್ರಿಯಾಪದ ತಾನೇ ಭೂತಕಾಲಕ್ಕೆ ತಿರುಗುತ್ತೆ. ಇಲ್ಲ ಸೇರಿದ ಕೂಡ್ಲೇ ಅದು ಮೂಲರೂಪದ ಹತ್ರ ವಾಪಸ್ ಬರುತ್ತೆ, ಹೋಗಲಿಲ್ಲ, ಬರಲಿಲ್ಲ, ತಿನ್ನಲಿಲ್ಲ ಅಂತೀವಿ, ತಿಂದಲಿಲ್ಲ ಅನ್ನಲ್ಲ. ಇಂಗ್ಲಿಷಲ್ಲೂ ಭೂತಕಾಲದ ಹೊರೆನ ಡಿಡ್ ಹೊತ್ಕೊಂಡಿದೆ, ಒಂದು ವಾಕ್ಯಕ್ಕೆ ಒಂದೇ ಹೊರೆ, ಆದ್ರಿಂದ ಗೋ ಅನ್ನೋದು ಗೋ ಆಗೇ ಉಳಿಯುತ್ತೆ. ಹೋಗಲಿಲ್ಲ, ಡಿಡಂಟ್ ಗೋ. ಬರಲಿಲ್ಲ, ಡಿಡಂಟ್ ಕಮ್. ತಿನ್ನಲಿಲ್ಲ, ಡಿಡಂಟ್ ಈಟ್. ಹೀಗೆ ಜೋಡಿ ಜೋಡಿಯಾಗಿ ಇಪ್ಪತ್ತು ಕ್ರಿಯಾಪದ ಬರೀರಿ, ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ಡಿಡ್ ಮಾತ್ರ ಕೆಂಪು ಪೆನ್ನಲ್ಲಿ.

ನಿಷೇಧದಲ್ಲಿ ಕೈ ಹಿಡಿದ ಕನ್ನಡ ಪ್ರಶ್ನೆಯಲ್ಲಿ ದಾರಿ ತಪ್ಪಿಸುತ್ತೆ, ಇದನ್ನ ಯಾರೂ ಹೇಳಿಕೊಡಲ್ಲ. ನಾವು 'ಹೋದ್ಯಾ?' ಅಂತ ಕೇಳ್ತೀವಿ, ಹೋದೆ ಅನ್ನೋದರಲ್ಲಿನ ಭೂತಕಾಲ ಪ್ರಶ್ನೆಯಲ್ಲೂ ಹಾಗೇ ಇರುತ್ತೆ, ಕೊನೆಗೊಂದು ಆ ಸೇರುತ್ತೆ ಅಷ್ಟೇ. ಆ ಅಭ್ಯಾಸಕ್ಕೇ 'ಡಿಡ್ ಯೂ ವೆಂಟ್?' ಅಂತ ಬರೋದು. ಹಾಗಾಗಿ ಪ್ರಶ್ನೆ ಕೇಳೋ ಮುಂಚೆ ಮನಸ್ಸಲ್ಲಿ ಉಲ್ಟಾ ವಾಕ್ಯ ಹೇಳ್ಕೊಳ್ರಿ, 'ಹೋಗಲಿಲ್ಲ, ಡಿಡಂಟ್ ಗೋ', ಆಮೇಲೆ ನಾಟ್ ಬಿಟ್ಟು ಡಿಡ್ ಮುಂದಕ್ಕೆ ತಳ್ರಿ, 'ಡಿಡ್ ಯೂ ಗೋ?' ಶುರುವಲ್ಲಿ ನಿಧಾನ ಅನ್ಸುತ್ತೆ, ದಿನಾ ಹೇಳ್ತಾ ಹೇಳ್ತಾ ತಾನೇ ಬರುತ್ತೆ. ಹಿಂದೆ ಇಂಗ್ಲಿಷರೂ ಡು, ಡಿಡ್ ಇಲ್ಲದೇ 'ನೋ ಯೂ ದಿಸ್ ಮ್ಯಾನ್?' (ಈ ಮನುಷ್ಯ ಗೊತ್ತಾ?) ಅಂತ ಕೇಳ್ತಿದ್ರು, ಸುಮಾರು 16ನೇ ಶತಮಾನದಿಂದ ಈ ಡು ಬಳಕೆ ಹೆಚ್ಚಾಗ್ತಾ ಬಂದು ಈಗ ಅದಿಲ್ಲದೆ ಆಗಲ್ಲ ಅನ್ನೋ ಹಾಗಾಗಿದೆ.

ಇಲ್ಲೇ ಇನ್ನೊಂದು ಕೊಕ್ಕೆ. ಯಾರು ಅನ್ನೋದೇ ಕರ್ತೃ ಆದ್ರೆ ಡಿಡ್ ಬೇಡ. 'ಯಾರು ಬಂದ್ರು?' ಅನ್ನೋಕೆ 'ಹೂ ಕೇಮ್?' ಅಂದ್ರೆ ಸಾಕು. 'ಯಾರನ್ನ ನೋಡಿದೆ?' ಅಂದಾಗ ನೋಡಿದವರು ನೀವು, ಅಲ್ಲಿ ಡಿಡ್ ಬೇಕು, 'ಹೂ ಡಿಡ್ ಯೂ ಸೀ?' ಕನ್ನಡದಲ್ಲಿ 'ಅನ್ನ' ಬಂತಾ ಅಂತ ನೋಡ್ಕೊಳ್ರಿ, ಬಂದಿದ್ರೆ ಡಿಡ್ ಹಾಕ್ರಿ. ಮತ್ತೆ 'ಐ ಡಿಡ್ ಕಾಲ್ ಯೂ' ಅಂತ ಯಾರಾದ್ರೂ ಅಂದ್ರೆ ಅದು ತಪ್ಪಲ್ಲ, 'ಕಾಲ್ ಮಾಡಿದ್ದೆ ಕಣ್ರೀ' ಅಂತ ಒತ್ತಿ ಹೇಳೋ ರೀತಿ ಅದು.

ಇನ್ನು ಚಿತ್ರದುರ್ಗಕ್ಕೆ ಹೋದ ವಾಕ್ಯ. ನಾವು ಮಾತಲ್ಲಿ 'ನಿನ್ನೆ ದುರ್ಗಕ್ಕೆ ಹೋಗಿದ್ದೆ' ಅಂತೀವಿ, ಆ ಇದ್ದೆ ಅನ್ನೋದನ್ನೇ ಹ್ಯಾಡ್ ಮಾಡಿ 'ಐ ಹ್ಯಾಡ್ ಗಾನ್' ಅಂತ ಹೊರಗೆ ಬರುತ್ತೆ. ನಿನ್ನೆ ಅಂತ ಹೇಳಿ ಅಷ್ಟಕ್ಕೇ ನಿಲ್ಲಿಸಿದ್ರೆ 'ಐ ವೆಂಟ್ ಟು ಚಿತ್ರದುರ್ಗ ಯೆಸ್ಟರ್ಡೇ' ಸಾಕು. ಹ್ಯಾಡ್ ಬೇಕಾಗೋದು ಹಿಂದೆ ನಡೆದ ಒಂದು ಘಟನೆಗಿಂತಲೂ ಮುಂಚೆ ಇನ್ನೊಂದು ಆಗಿದ್ದಾಗ. ನಾವು ಸ್ಟೇಷನ್ ಮುಟ್ಟೋ ಅಷ್ಟೊತ್ತಿಗೆ ಟ್ರೇನ್ ಹೋಗ್ಬಿಟ್ಟಿತ್ತು: 'ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್'. ಹೋಗ್ಬಿಟ್ಟಿತ್ತು ಅನ್ನೋ ತರ ಅನ್ಸಿದ್ರೆ ಹ್ಯಾಡ್, ಸುಮ್ಮನೆ ಹೋಗಿದ್ದೆ ಆದ್ರೆ ವೆಂಟ್. ನೂರಕ್ಕೆ ನೂರು ಸಲ ಕೂಡದಿದ್ರೂ ಶುರು ಮಾಡೋರಿಗೆ ಇದಕ್ಕಿಂತ ಒಳ್ಳೇ ಗುರುತು ನಂಗೆ ಸಿಕ್ಕಿಲ್ಲ.

ಹ್ಯಾಸ್, ಹ್ಯಾವ್ ಗೊಂದಲಕ್ಕೆ ನಮ್ಮ ಜಿಲ್ಲೆಯನ್ನೇ ಇಟ್ಕೊಳ್ರಿ. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆ ಆಯ್ತು. ಇಸವಿ ಹೇಳಿ ಮುಗಿದ ಸಂಗತಿ, ಅದಕ್ಕೆ 'ದಾವಣಗೆರೆ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1997'. ಆದ್ರೆ ಅವತ್ತಿಂದ ಇವತ್ತಿನ ತನಕ ಜಿಲ್ಲೆಯಾಗೇ ಇದೆಯಲ್ಲ, ಅದಕ್ಕೆ 'ಇಟ್ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997'. ಇಲ್ಲಿ 'ಇಟ್ ಈಸ್ ಸಿನ್ಸ್ 1997' ಅಂದ್ರೆ ತಪ್ಪು. ನಿಮ್ಮ ಕೆಲಸ, ಓದು, ಮನೆ ಎಲ್ಲದಕ್ಕೂ ಇದೇ ಎರಡು ವಾಕ್ಯ ಜೋಡಿಸಿ ಬರೀರಿ, ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಹೇಳಿ ಅಂದಾಗ ಬೇಕಾಗೋದು ಇವೇ.

ಎ, ಆನ್ ಬಗ್ಗೆ ಒಂದೇ ಮಾತು: ಅಕ್ಷರ ನೋಡಬೇಡ್ರಿ, ಸದ್ದು ಕೇಳ್ರಿ. ಆನ್ ಅವರ್, ಆನ್ ಎಮ್ಮೆಲ್ಲೆ, ಎ ಯೂನಿವರ್ಸಿಟಿ. ದಾರಿ ಕೇಳೋವಾಗ 'ವೇರ್ ಈಸ್ ದ ಬಸ್‌ಸ್ಟ್ಯಾಂಡ್?' ಸರಿ, ಅದರ ಮುಂದೆ 'ಕ್ಯಾನ್ ಯೂ ಟೆಲ್ ಮಿ' ಸೇರಿದ್ರೆ ಈಸ್ ಕೊನೆಗೆ ಹೋಗುತ್ತೆ, 'ವೇರ್ ದ ಬಸ್‌ಸ್ಟ್ಯಾಂಡ್ ಈಸ್'.

ಕೊನೇದು, ಫೋನ್ ಇಂಟರ್‌ವ್ಯೂನಲ್ಲಿ ಅರ್ಥವೇ ತಿರುಗಿ ಹೋಗೋ ಜಾಗ. 'ಊಟ ಆಗಿಲ್ವಾ?' ಅಂದ್ರೆ ನಾವು 'ಹ್ಞೂಂ, ಆಗಿಲ್ಲ' ಅಂತೀವಿ, ಕೇಳಿದವರ ಮಾತಿಗೆ ಒಪ್ಪಿಗೆ ಅದು. ಇಂಗ್ಲಿಷಲ್ಲಿ ಒಪ್ಪಿಗೆ ಅಲ್ಲ, ಆಗಿದ್ಯೋ ಇಲ್ವೋ ಅನ್ನೋದಷ್ಟೇ ಲೆಕ್ಕ. 'ಹ್ಯಾವಂಟ್ ಯೂ ರಿಸೀವ್ಡ್ ದ ಮೇಲ್?' ಅಂತ ಕೇಳ್ತಾರೆ, ಬಂದಿಲ್ಲ ಅಂದ್ರೆ 'ನೋ, ಐ ಹ್ಯಾವಂಟ್', ಬಂದಿದ್ರೆ 'ಯೆಸ್, ಐ ಹ್ಯಾವ್'. ಬರೀ ಯೆಸ್ ಅಂದು ಸುಮ್ಮನಾದ್ರೆ ಆಕಡೆಯವರು ಮೇಲ್ ಸಿಕ್ಕಿದೆ ಅಂದ್ಕೊಂಡು ಫೋನ್ ಇಡ್ತಾರೆ, ಆದ್ರಿಂದ ಬಾಲ ಸಮೇತ ಪೂರ್ತಿ ಉತ್ತರ ಹೇಳ್ರಿ.