ನಿಮ್ಮ ಬೆಲೆಯನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕುತ್ತಿದ್ದರೆ

21 ವರ್ಷ ನಾನು ಬೇರೆಯವರ ಲೆಕ್ಕ ಬರೆದವಳು. ವರ್ಷದ ಕೊನೆಗೆ, ಆಸ್ತಿ ಸಾಲಗಳನ್ನು ತೋರಿಸುವ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಎರಡೂ ಬದಿ ಸರಿಹೊಂದುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ನಮ್ಮ ವಿಭಾಗವನ್ನೇ ಮುಚ್ಚಿದರು. ಕೂಡಿಟ್ಟದ್ದು 8 ತಿಂಗಳಲ್ಲಿ ಕರಗಿತು, ಒಂಬತ್ತನೆಯ ತಿಂಗಳು ಕಾರು ಮಾರಿದೆ. ಕಾರಿಗಿಂತ ಅದರ ಕೀ ನನ್ನನ್ನು ಹೆಚ್ಚು ಕಾಡಿತು. ಮನೆಯಿಂದ ಹೊರಡುವಾಗ ಬಾಗಿಲ ಪಕ್ಕದ ಮೊಳೆಯ ಕಡೆಗೆ ಕೈ ತಾನಾಗಿಯೇ ಹೋಗುತ್ತಿತ್ತು. ಬೆರಳಿಗೆ ಬರಿ ಮೊಳೆ ತಗುಲಿದಾಗಲೆಲ್ಲ 'ಇಷ್ಟೇನಾ ನಾನು?' ಎಂದು ಒಳಗೊಳಗೇ ಕುಸಿಯುತ್ತಿದ್ದೆ.

ಅಲ್ಲಿಂದ ಮೇಲೇಳಲು ನಾನು ಮಾಡಿದ್ದನ್ನು, ಮಾಡಿ ಫಲ ಕಂಡದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಹಣ ಮುಖ್ಯವಲ್ಲ ಎಂದು ಹೇಳುವುದಿಲ್ಲ. ಸಾಲದ ಕಂತು ಬಾಕಿ ಇರುವವರ ಮುಂದೆ ಹಾಗೆ ಹೇಳುವುದು ಗಾಯದ ಮೇಲೆ ಬರೆ ಎಳೆದ ಹಾಗೆ.

ವಸ್ತು ಕೈಬಿಟ್ಟಾಗ ನೋವಾದರೆ ಅದಕ್ಕೆ ನಾಚಿಕೊಳ್ಳಬೇಡಿ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಗುರುತಿಸಿದ್ದರು. 'ನಾನು' ಎನ್ನುವುದರೊಳಗೆ ಮೈ ಮನಸ್ಸಿನ ಜೊತೆಗೆ ಬಟ್ಟೆ, ಮನೆ, ಮನೆಮಂದಿ, ಹೆಸರು, ಬ್ಯಾಂಕ್ ಖಾತೆ ಎಲ್ಲವೂ ಸೇರಿಕೊಂಡಿರುತ್ತವೆ; ಅವು ಬೆಳೆದರೆ ಮನುಷ್ಯ ಬೀಗುತ್ತಾನೆ, ಕರಗಿದರೆ ಕುಗ್ಗುತ್ತಾನೆ ಎಂಬುದು ಅವರ ಮಾತಿನ ಸಾರ. ಇದನ್ನು ಓದಿದ ದಿನ ನನಗೆ ಅರ್ಧ ಭಾರ ಇಳಿಯಿತು. ನನ್ನಲ್ಲಿ ಏನೋ ಕೊರತೆ ಇದೆ ಎಂದುಕೊಂಡಿದ್ದೆ, ಅದು ಎಲ್ಲರಿಗೂ ಆಗುವಂಥದ್ದೇ ಆಗಿತ್ತು.

ಈಗ ಕೆಲಸಕ್ಕೆ ಬರೋಣ. ಒಂದು ನೋಟ್ ಪುಸ್ತಕ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ನಡೆದದ್ದನ್ನು ಬರೆಯಿರಿ, ಬಲಗಡೆ ಅದಕ್ಕೆ ನಿಮ್ಮ ಮನಸ್ಸು ಹೇಳಿದ್ದನ್ನು. 7 ದಿನ ಬಿಡದೆ ಬರೆಯಿರಿ. ನನ್ನ ಮೊದಲ ಪುಟದಲ್ಲಿ ಎಡಕ್ಕೆ 'ಈ ತಿಂಗಳ ಕಂತು ಕಟ್ಟಲಾಗಲಿಲ್ಲ' ಎಂದಿದೆ, ಬಲಕ್ಕೆ 'ಯಾವ ಕೆಲಸಕ್ಕೂ ಬಾರದವಳು'. ಲೆಕ್ಕ ತಪಾಸಣೆಗೆ ಕೂತಾಗ ನಾವು ಪ್ರತಿ ನಮೂದಿಗೂ ಓಚರ್, ಅಂದರೆ ಪುರಾವೆಯ ಚೀಟಿ ಕೇಳುತ್ತೇವೆ. ಎಡಗಡೆಯ ಸಾಲಿಗೆ ಬ್ಯಾಂಕಿನ ಸಂದೇಶವೇ ಓಚರ್. ಬಲಗಡೆಯದಕ್ಕೆ ಹುಡುಕಿದೆ, ಪುಟ ತಿರುವಿ ತಿರುವಿ ಹುಡುಕಿದೆ, ಒಂದೂ ಸಿಗಲಿಲ್ಲ. ಎಡಗಡೆಯದು ಹಣದ ತೊಂದರೆ, ಅದಕ್ಕೆ ಹಣದ ದಾರಿಯಲ್ಲೇ ಪರಿಹಾರ: ಸಾಲ ಕೊಟ್ಟವರ ಜೊತೆ ಮಾತಾಡಿ ಅವಧಿ ವಿಸ್ತರಿಸಿಕೊಳ್ಳುವುದು, ಯಾವ ಖರ್ಚು ನಿಲ್ಲಿಸಬಹುದೆಂದು ನೋಡುವುದು. ಇದಕ್ಕೆ ವಾರದಲ್ಲಿ ಒಂದು ಗಂಟೆ ಗೊತ್ತುಮಾಡಿ, ಆ ಗಂಟೆಯಲ್ಲಿ ಮಾತ್ರ ಮಾಡಿ. ಉಳಿದ ಹೊತ್ತಿನಲ್ಲಿ ಬಲಗಡೆಯ ಸಾಲು ಬಾಯಿ ತೆರೆದರೆ ಓಚರ್ ಕೇಳಿ.

ನನ್ನ ಕಣ್ಣು ತೆರೆಸಿದ್ದು ನಮ್ಮ ವೃತ್ತಿಯದೇ ಒಂದು ನಿಯಮ. ವರ್ಷಗಟ್ಟಲೆ ನಿಯತ್ತಿನಿಂದ ನಡೆದ ವ್ಯವಹಾರ ಗಳಿಸಿಕೊಂಡ ಹೆಸರಿಗೆ ನಾವು ಗುಡ್‌ವಿಲ್ ಎನ್ನುತ್ತೇವೆ. ಇನ್ನೊಬ್ಬರು ಆ ವ್ಯವಹಾರವನ್ನು ಕೊಂಡು, ಅದರ ನಿವ್ವಳ ಆಸ್ತಿಯ (ಸಾಲ ಕಳೆದು ಉಳಿದ ಆಸ್ತಿಯ) ಬೆಲೆಗಿಂತ ಹೆಚ್ಚು ಹಣ ಕೊಟ್ಟರೆ, ಆ ಹೆಚ್ಚುವರಿ ಹಣ ಕೊಂಡವರ ಪುಸ್ತಕದಲ್ಲಿ ಗುಡ್‌ವಿಲ್ ಎಂದು ದಾಖಲಾಗುತ್ತದೆ. ಆದರೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಯಾವ ಸಂಸ್ಥೆಯೂ ತನ್ನ ಪುಸ್ತಕದಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 38 ಇದನ್ನು ನೇರವಾಗಿಯೇ ಹೇಳುತ್ತದೆ. ಅದನ್ನು ಬೇರೆ ಮಾಡಿ ಗುರುತಿಸಲಾಗದು, ಅದಕ್ಕೆ ತಗುಲಿದ ವೆಚ್ಚವನ್ನು ನಂಬುವಂತೆ ಅಳೆಯಲಾಗದು ಎನ್ನುವುದೇ ಕಾರಣ. ನುರಿತ ಕೆಲಸಗಾರರ ತಂಡಕ್ಕೂ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಅಂಥದ್ದೊಂದು ಇದೆ ಎಂಬುದನ್ನು ಯಾವ ಲೆಕ್ಕಿಗರೂ ಅಲ್ಲಗಳೆಯುವುದಿಲ್ಲ. ಅದನ್ನು ಅಳೆಯುವ ಕೋಲು ನಮ್ಮ ಹತ್ತಿರ ಇಲ್ಲ, ಅಷ್ಟೆ. 21 ವರ್ಷ ಈ ನಿಯಮ ಪಾಲಿಸಿದವಳು ನನ್ನ ಸರದಿ ಬಂದಾಗ ಮಾತ್ರ, ಅಢಾವೆ ಪತ್ರಿಕೆಯಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂದು ನಂಬಿ ಕೂತಿದ್ದೆ.

ಮುಂದಿನ ಕೆಲಸ, ನೀವು ಯಾವುದರ ಮೇಲೆ ನಿಂತಿದ್ದೀರಿ ಎಂದು ಕಂಡುಕೊಳ್ಳುವುದು. ಮನಶ್ಶಾಸ್ತ್ರಜ್ಞೆ ಜೆನಿಫರ್ ಕ್ರಾಕರ್ ಮತ್ತು ಸಂಗಡಿಗರು 2003ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನಾವಳಿ ಮಾಡಿದರು. ಜನ ತಮ್ಮ ಬೆಲೆಯನ್ನು ಯಾವುದಕ್ಕೆ ಕಟ್ಟಿಹಾಕಿಕೊಳ್ಳುತ್ತಾರೆ ಎಂಬುದಕ್ಕೆ ಅದರಲ್ಲಿ 7 ನೆಲೆಗಳಿವೆ: ಪರರ ಮೆಚ್ಚುಗೆ, ರೂಪ, ಪೈಪೋಟಿಯಲ್ಲಿ ಗೆಲ್ಲುವುದು, ಓದು, ಮನೆಯವರ ಆಸರೆ, ಸದ್ಗುಣ, ದೇವರ ಪ್ರೀತಿ. ಹಣಕ್ಕೇ ಕಟ್ಟಿಕೊಳ್ಳುವವರನ್ನು ಲೋರಾ ಪಾರ್ಕ್ ಮತ್ತು ಸಂಗಡಿಗರು 2017ರಲ್ಲಿ ಪ್ರತ್ಯೇಕವಾಗಿ ನೋಡಿದರು; ಅಂಥವರಲ್ಲಿ ಒತ್ತಡ, ಆತಂಕ, ಇತರರೊಂದಿಗೆ ಹಣದ ಹೋಲಿಕೆ ಎಲ್ಲ ಹೆಚ್ಚಿದ್ದವು. ನೀವು ಹೀಗೆ ಮಾಡಿ: ಹೋದ ತಿಂಗಳಲ್ಲಿ ತೀರಾ ಕುಗ್ಗಿಹೋದ ಮೂರು ಗಳಿಗೆಗಳನ್ನು ನೆನೆದು, ಪ್ರತಿಯೊಂದರಲ್ಲೂ ಏನು ಕಳೆದುಹೋಯಿತು ಅನ್ನಿಸಿತು ಎಂದು ಒಂದೊಂದು ಸಾಲು ಬರೆಯಿರಿ. ನನ್ನ ಮೂರರಲ್ಲಿ ಎರಡಕ್ಕೆ ಹಣದ ಸಂಬಂಧವೇ ಇರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರು 'ಈಗೇನು ಮಾಡ್ತಿದ್ದೀರಿ?' ಎಂದು ಕೇಳಿದ್ದು ಒಂದು, ಮತ್ತೊಮ್ಮೆ ಸಿಕ್ಕಾಗ ಅವರು ಏನೂ ಕೇಳದೆ ಸುಮ್ಮನೆ ಮುಖ ತಿರುಗಿಸಿದ್ದು ಇನ್ನೊಂದು. ನಾನು ನಿಂತಿದ್ದದ್ದು ಬೇರೆಯವರ ಕಣ್ಣಿನಲ್ಲಿ. ಹಣ ಆ ಕಣ್ಣಿಗೆ ಹಚ್ಚಿದ ಕಾಡಿಗೆಯಷ್ಟೇ. ಅದಕ್ಕೇ ಹೇಳುತ್ತೇನೆ, ಹಣದಿಂದ ಕಿತ್ತುಕೊಂಡು ಹೊಗಳಿಕೆಗೆ ಜೋತುಬಿದ್ದರೆ ಕುಣಿಕೆ ಬದಲಾಗುತ್ತದೆ, ಕುತ್ತಿಗೆ ಅದೇ ಇರುತ್ತದೆ.

ಕನ್ನಡಿ ಮುಂದೆ ನಿಂತು 'ನಾನು ಅಮೂಲ್ಯ' ಎಂದು ಜಪಿಸಲು ಹೇಳುವವರಿದ್ದಾರೆ. ನಾನೂ ಮಾಡಿದೆ, ಗಂಟಲಲ್ಲೇ ಸುಳ್ಳು ಸಿಕ್ಕಿಕೊಂಡ ಹಾಗಾಯಿತು. 2009ರಲ್ಲಿ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರ ಪ್ರಯೋಗದಲ್ಲೂ, ಮೊದಲೇ ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಇಂಥ ಜಪದಿಂದ ಇನ್ನಷ್ಟು ಕೆಡುಕೆನಿಸಿತ್ತು. ಅದಕ್ಕಿಂತ, ತನಗೆ ಮುಖ್ಯವಾದ ಮೌಲ್ಯವನ್ನು ನೆನೆದರೆ ಪೆಟ್ಟು ಬಿದ್ದಾಗಲೂ ಸ್ವಾಭಿಮಾನ ಉಳಿಸಿಕೊಳ್ಳಬಹುದು ಎಂದು ಮನಶ್ಶಾಸ್ತ್ರಜ್ಞ ಕ್ಲಾಡ್ ಸ್ಟೀಲ್ 1988ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದುಬಂದ ಅಭ್ಯಾಸ ನನಗೆ ಒಗ್ಗಿತು. ನಿಮಗೆ ಪ್ರಾಣಕ್ಕೆ ಸಮನಾದ ಒಂದು ಮೌಲ್ಯ ಆರಿಸಿಕೊಳ್ಳಿ. ಅದರಂತೆ ನೀವು ನಡೆದುಕೊಂಡ ಒಂದೇ ಒಂದು ಸಂದರ್ಭವನ್ನು 15 ನಿಮಿಷ ಬರೆಯಿರಿ. ಹೊಗಳಿಕೆ ಬೇಡ, ನಡೆದದ್ದು ಸಾಕು.

ನಾನು ಬರೆದದ್ದು ಇದು. ಒಂದು ಸಂಬಳದ ಪಟ್ಟಿ ಮುಗಿಸಿ ಕೊಟ್ಟಿದ್ದೆ, ಹಣವೂ ಬಟವಾಡೆಯಾಗಿತ್ತು. ರಾತ್ರಿ ಯಾಕೋ ಒಟ್ಟು ಗಂಟೆಗಳನ್ನು ಮತ್ತೆ ಕೂಡಿದೆ, ಹಾಜರಿಯ ಲೆಕ್ಕಕ್ಕಿಂತ 27 ಕಡಿಮೆ ಬಂತು. 27 ಅಂದರೆ 9ರಿಂದ ಭಾಗವಾಗುವ ಸಂಖ್ಯೆ. ಅಂಕಿ ಹಿಂದುಮುಂದಾದರೆ ವ್ಯತ್ಯಾಸ ಯಾವಾಗಲೂ ಹಾಗೇ ಬರುತ್ತದೆ. ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತಾ ಹೋದೆ. ಕಾವಲುಗಾರರೊಬ್ಬರು ದುಡಿದ 63 ಗಂಟೆಯ ಜಾಗದಲ್ಲಿ ನಾನು 36 ಎಂದು ಬರೆದಿದ್ದೆ. ಅವರಿಗೂ ಗೊತ್ತಾಗಿರಲಿಲ್ಲ, ಮೇಲಿನವರಿಗೂ ಗೊತ್ತಾಗಿರಲಿಲ್ಲ. ಬೆಳಗ್ಗೆ ನಾನೇ ಹೋಗಿ ತಪ್ಪು ನನ್ನದು ಎಂದು ಹೇಳಿ ಸರಿಮಾಡಿಸಿದೆ. ಬರೆದು ಮುಗಿಸಿದಾಗ ನನಗೇ ಅಚ್ಚರಿ. ಆ ಇಡೀ ಪುಟದಲ್ಲಿ ಕಾರಿನ ಸುದ್ದಿಯೇ ಇರಲಿಲ್ಲ.

ಹೋಲಿಕೆಯ ಬಗ್ಗೆ ಹೆಚ್ಚು ಹೇಳಲಾರೆ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದಂತೆ ನಾವು ನಮ್ಮಂಥವರ ಜೊತೆಗೇ ನಮ್ಮನ್ನು ತೂಗುತ್ತೇವೆ. ಹಾಗಾಗಿ ಯಾರ ಫೋಟೋ ನೋಡಿದರೆ ನಿಮ್ಮ ನೋಟ್ ಪುಸ್ತಕದ ಬಲಗಡೆ ತುಂಬುತ್ತದೋ ಅವರದನ್ನು ಒಂದು ತಿಂಗಳು ಕಣ್ಣಿಗೆ ಬೀಳದಂತೆ ಮಾಡಿಕೊಳ್ಳಿ.

ಇನ್ನು, ನಿಮ್ಮನ್ನು ಬಲ್ಲ ಇಬ್ಬರು ಮೂವರನ್ನು ಕೇಳಿ. 'ನಾನು ಒಳ್ಳೆಯವಳಾ?' ಎಂದಲ್ಲ, 'ನನ್ನಿಂದ ನಿನಗೆ ಉಪಯೋಗವಾದ ಒಂದು ಸಂದರ್ಭ ಹೇಳು' ಎಂದು. ತಮ್ಮನಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಅಕ್ಕ, ನಾನು ಫೇಲಾದ ವರ್ಷ ಮನೇಲಿ ಎಲ್ಲರೂ ಬೈದ್ರು. ನೀನು ಮಾತ್ರ ರಾತ್ರಿ ಪಕ್ಕದಲ್ಲಿ ಕೂತು ನನ್ನ ಪುಸ್ತಕಕ್ಕೆಲ್ಲ ಗೆರೆ ಹಾಕಿಕೊಟ್ಟೆ' ಅಂದ. ನನಗೆ ಅದರ ನೆನಪೇ ಇರಲಿಲ್ಲ. ಅವನು 30 ವರ್ಷದಿಂದ ಇಟ್ಟುಕೊಂಡಿದ್ದ.

ಇಲ್ಲೊಂದು ಎಚ್ಚರಿಕೆ ಬೇಕು. ಉಪಯೋಗಕ್ಕೆ ಬಂದರೆ ಮಾತ್ರ ಬೆಲೆ ಎಂದುಕೊಂಡರೆ ಅದೂ ಇನ್ನೊಂದು ಸಂಬಳವೇ. ಅಮ್ಮ ಕೊನೆಯ 2 ವರ್ಷ ಹಾಸಿಗೆಯಲ್ಲಿದ್ದರು. ಲೋಟ ಎತ್ತುವ ಶಕ್ತಿಯೂ ಇರಲಿಲ್ಲ, ಒಮ್ಮೊಮ್ಮೆ ನನ್ನ ಹೆಸರೂ ನೆನಪಾಗುತ್ತಿರಲಿಲ್ಲ. ಉಗುರು ಕತ್ತರಿಸಲು ಅವರ ಕೈ ಹಿಡಿದು ಕೂತರೆ, ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಮೆಲ್ಲಗೆ ಒತ್ತುತ್ತಿದ್ದರು. ಇವರಿಂದ ಏನು ಪ್ರಯೋಜನ ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ನಿಮ್ಮ ಬಗ್ಗೆ ತೀರ್ಪು ಕೊಡಲು ಹೊರಟಾಗ ಹೀಗೆ ನೀವು ಬೆಲೆ ಕೇಳದೆ ಪ್ರೀತಿಸಿದ ಒಬ್ಬರನ್ನು ನೆನೆಯಿರಿ. ಅವರಿಗೆ ಹೇಳಲಾಗದ ಮಾತನ್ನು ನಿಮಗೂ ಹೇಳಿಕೊಳ್ಳಬೇಡಿ. ಇಡೀ ವಿಷಯದಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ, ಈಗಲೂ ಕಲಿಯುತ್ತಿದ್ದೇನೆ.

ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ನೋಟ್ ಪುಸ್ತಕವನ್ನೇ ನಂಬಿಕೊಂಡು ಕೂರಬೇಡಿ, ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರಂತೂ ಅದೇ ಗಳಿಗೆಯಲ್ಲಿ ಹತ್ತಿರದವರಿಗೆ ಹೇಳಿ, ಒಬ್ಬರೇ ಇರಬೇಡಿ.

ಈಗ ನನಗೆ ಮೊದಲಿಗಿಂತ ಚಿಕ್ಕ ಕೆಲಸವೊಂದಿದೆ. ಹೊರಡುವಾಗ ಕೈ ಒಮ್ಮೊಮ್ಮೆ ಆ ಮೊಳೆಯ ಕಡೆ ಹೋಗುವುದುಂಟು. ಹೋದ ದಿನ ಎಡಗಡೆ 'ಕೈ ಮೊಳೆಗೆ ಹೋಯಿತು' ಎಂದು ಬರೆದು, ಬಲಗಡೆ ಖಾಲಿ ಬಿಡುತ್ತೇನೆ.